ದಯಾದತ್ತಿಗೆ ಮತದ ಎಲ್ಲೆಯುಂಟೆ?

ವ್ರತಧಾರಿಯಾದ ಶ್ರಾವಕನು ಕ್ರೈಸ್ತ ಸನ್ಯಾಸಿನಿಯೊಬ್ಬಳು ನಡೆಸುವ ದೀನರೋಗಿಗಳ ಸೇವೆಗೆ ನೆರವು ನೀಡಬಹುದೆ? ನೀಡಿದರೆ ಸಮ್ಯಕ್ತ್ವಕ್ಕೆ ಗುರುಮೂಢತೆಯ ದೋಷ ತಗಲುವುದೆ? ಬಳ್ಳಾರಿ ನಗರವು 1949ರಿಂದ ಕ್ಯಾಥೊಲಿಕ್ ಧರ್ಮಕ್ಷೇತ್ರವೊಂದರ ಕೇಂದ್ರವಾಗಿದೆ. ಅಲ್ಲಿಯಾಗಲಿ, ಸಿರುಗುಪ್ಪ, ಕುರುಗೋಡುಗಳಲ್ಲಿಯಾಗಲಿ ಬಾಳುವ ಗೃಹಸ್ಥನಿಗೆ ಇದು ಕೇವಲ ಶಾಸ್ತ್ರಚರ್ಚೆಯಲ್ಲ. ಮನೆಯ ಬಾಗಿಲಿಗೆ ಬರಬಹುದಾದ ಪ್ರಶ್ನೆ.

ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ನಾಲ್ಕು ಬಗೆಯನ್ನು ಹೇಳಿದ್ದಾರೆ. ಪಾತ್ರದತ್ತಿಯು ಮುನಿಗಳಿಗೆ ಭಕ್ತಿಪೂರ್ವಕವಾಗಿ ಸಲ್ಲುವಂಥದು. ಅಲ್ಲಿ ಪಾತ್ರಪರೀಕ್ಷೆ ಅವಶ್ಯ. ದಯಾದತ್ತಿಯಲ್ಲಿ ದುಃಖವೇ ಅರ್ಹತೆ. ಸನ್ಯಾಸಿನಿಯ ಕೈಗೆ ಅಕ್ಕಿಯನ್ನು ಕೊಟ್ಟವನು ಆಕೆಯನ್ನು ಗುರುವೆಂದು ಪೂಜಿಸಿದಂತಾಗದು. ಪಡೆಯುವವನು ರೋಗಿ, ಆಕೆ ತಲುಪಿಸುವ ಕೈ ಮಾತ್ರ.

1886ರಲ್ಲಿ ಗುಡ್ ಶೆಫರ್ಡ್ ಸನ್ಯಾಸಿನಿಯರು ಬೆಂಗಳೂರಿನಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನು ಸ್ಥಾಪಿಸಿದರು. 1929ರಲ್ಲಿ ಭಾರತಕ್ಕೆ ಬಂದ ಮದರ್ ತೆರೇಸಾ 1952ರಲ್ಲಿ ಕಲ್ಕತ್ತೆಯ ಕಾಳೀಘಾಟಿನಲ್ಲಿ ಮರಣಾಸನ್ನರಿಗಾಗಿ ಆಶ್ರಯವನ್ನು ತೆರೆದರು. 1979ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಬಂದಾಗ ಔತಣಕೂಟವನ್ನು ಬಿಡಿಸಿ, ಅದರ ವೆಚ್ಚವನ್ನು ಬಡವರಿಗೆ ಕೊಡಿಸಿದರು. ಉಪವಾಸದ ಮರ್ಮವನ್ನರಿತ ಮನೆಗಳು ಈ ನಡೆಯನ್ನು ಸುಲಭವಾಗಿ ಗುರುತಿಸಬಲ್ಲವು. ನಿರ್ವಿಚಿಕಿತ್ಸಾ ಅಂಗಕ್ಕೆ ಸಮಂತಭದ್ರಾಚಾರ್ಯರು ಉದ್ದಾಯನ ರಾಜನನ್ನು ಹೆಸರಿಸುತ್ತಾರೆ. ಆ ಅಂಗವು ರತ್ನತ್ರಯದಿಂದ ಪವಿತ್ರವಾದ ದೇಹವನ್ನು ಕುರಿತದ್ದು ನಿಜ. ಆದರೆ ಮುನಿಯ ರೋಗಕ್ಕೆ ಹೇಸದ ಮನಸ್ಸು ಬೀದಿಯ ರೋಗಿಗೆ ಹೇಸಿದರೆ, ಅದು ಜುಗುಪ್ಸೆಯನ್ನು ಗೆದ್ದಂತಾಯಿತೆ?

ಇಷ್ಟಾದರೂ ಎರಡು ಶಂಕೆಗಳು ಉಳಿಯುತ್ತವೆ. ಮೊದಲನೆಯದು ಅಹಿಂಸೆಯದು. ಹಿಂಸೆಯು ಕೃತ, ಕಾರಿತ, ಅನುಮೋದನೆಗಳೆಂಬ ಮೂರು ದಾರಿಗಳಿಂದ ಬರುತ್ತದೆ. ಮಾಂಸ ಬೇಯುವ ಅಡುಗೆಮನೆಗೆ ಎಣಿಸಿ ಕೊಟ್ಟ ಹಣವು ಅಣುವ್ರತಿಯನ್ನು ಆ ದಾರಿಗೆ ಎಳೆಯಬಹುದು. ಆದುದರಿಂದ ಅಕ್ಕಿ, ಬೇಳೆ, ಹೊದಿಕೆ, ನಿರ್ದೋಷ ಔಷಧಗಳನ್ನು ವಸ್ತುರೂಪದಲ್ಲಿ ಕೊಡುವುದು ಲೇಸು. ಅಕ್ಕಿ ಬಂದುದರಿಂದ ಉಳಿದ ಹಣ ಮಾಂಸಕ್ಕೆ ಹೋಗದೆ? ಹೋಗಬಹುದು. ದಾನಿಯು ತನ್ನ ದ್ರವ್ಯಕ್ಕೂ ಸಂಕಲ್ಪಕ್ಕೂ ಹೊಣೆಗಾರ. ಪರರ ಸಮಸ್ತ ನಡೆಗೆ ಹೊಣೆಯಾಗಬೇಕೆಂದರೆ ಜಗತ್ತಿನಲ್ಲಿ ದಾನವೇ ನಿಂತುಹೋದೀತು.

ಎರಡನೆಯದು ವಿವೇಕದ್ದು. ಕಾಳೀಘಾಟಿನ ಆಶ್ರಯದಲ್ಲಿ ನೋವು ತಗ್ಗಿಸುವ ಔಷಧಗಳ ಕೊರತೆಯಿದೆಯೆಂದು 1994ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯ ಸಂಪಾದಕರೇ ಬರೆದರು. ಪ್ರೀತಿ ಚಿಕಿತ್ಸೆಗೆ ಬದಲಿಯಾಗದು. ಕೊಟ್ಟದ್ದು ರೋಗಿಗೆ ಮುಟ್ಟಿತೆ, ಅವನ ಮತವನ್ನು ಬದಲಿಸಲು ಒತ್ತಾಯವಾಯಿತೆ ಎಂದು ವಿಚಾರಿಸುವುದು ಅಪನಂಬಿಕೆಯಲ್ಲ, ದಾನಿಯ ಕರ್ತವ್ಯ.

ಅಷ್ಟಮಿ, ಚತುರ್ದಶಿಗಳಂದು ಬಿಟ್ಟ ಅನ್ನವು ಕಣಜದಲ್ಲಿಯೇ ಉಳಿದರೆ ಅದು ಉಳಿತಾಯ; ಹಸಿದವನನ್ನು ತಲುಪಿದರೆ ತ್ಯಾಗ. ಭತ್ತ ಬೆಳೆಯುವ ಸಿರುಗುಪ್ಪದ ಸೀಮೆಯಲ್ಲಿ ಒಂದು ಹೊತ್ತಿನ ಅಕ್ಕಿಯನ್ನು ತೆಗೆದಿಡುವುದು ಕಷ್ಟವಲ್ಲ. ಹಾಸಿಗೆ ಹಿಡಿದವನಿಗೆ ಗಂಜಿ ಕುಡಿಸುವ ಕೈಯ ಮತ ಯಾವುದೆಂಬ ವಿಚಾರದಲ್ಲಿ ಅವನ ಹಸಿವನ್ನು ಕಾಯಿಸುವುದೇ ಕಠಿನ ಹೃದಯದ ಲಕ್ಷಣ.