ಸಿಂಧುವಿನ ಹಂಬಲ ಮೋಹವೇ?

ಮೆಚ್ಚಿದ ಪರದೇಶದಿಂದ ಮನೆಗೆ ಮರಳಿದ ಮೇಲೆ ಆ ನಾಡಿನ ಹಂಬಲ ಕಾಡುವುದುಂಟು. ಉಲ್ಹಾಸನಗರದ ಸಿಂಧಿಗಳಿಗೆ ಈ ಹಂಬಲ ಇನ್ನೂ ತೊಡಕಿನದು. ವಿಭಜನೆಯಲ್ಲಿ ಊರು ಕಳೆದುಕೊಂಡವರಿಗೆ ಮುಂಬೈ ಸಮೀಪದ ಕಲ್ಯಾಣದ ಬಳಿ ಎರಡನೆಯ ಮಹಾಯುದ್ಧಕ್ಕೆಂದು ಕಟ್ಟಿದ್ದ ಸೈನಿಕ ಬ್ಯಾರಕ್ಕುಗಳೇ ಆಸರೆಯಾದವು; 1949ರಲ್ಲಿ ಆ ಶಿಬಿರಕ್ಕೆ ಉಲ್ಹಾಸನಗರವೆಂಬ ಹೆಸರು ಬಂತು. ಅಲ್ಲಿನ ಬಡಾವಣೆಗಳು ಇಂದಿಗೂ ಜನರ ಬಾಯಲ್ಲಿ ಕ್ಯಾಂಪುಗಳೇ. 1974ರ ಭಾರತ–ಪಾಕಿಸ್ತಾನ ಒಪ್ಪಂದದಡಿ ಯಾತ್ರಿಕರ ವೀಸಾ ಪಡೆದು, ಸಕ್ಕರ್ ಬಳಿ ಸಿಂಧೂ ನದಿಯ ನಡುಗಡ್ಡೆಯಲ್ಲಿರುವ ಸಾಧ್ ಬೇಲೋ ದೇವಾಲಯಕ್ಕೆ ಹೋಗಿಬರುವ ಸಿಂಧಿ, ಕಾಗದದ ಮೇಲೆ ವಿದೇಶ ಪ್ರವಾಸಿ. ಅವನು ಅಲ್ಲಿಂದ ಹೊತ್ತು ತರುವ ಸಂಕಟವನ್ನು ಧರ್ಮ ಏನೆಂದು ಎಣಿಸಬೇಕು?

ವೈರಾಗ್ಯದ ಉತ್ತರ ಸಿದ್ಧವಾಗಿದೆ: ಆತ್ಮಕ್ಕೆ ಊರಿಲ್ಲ, ನೆಲದ ಮೇಲಿನ ಆಸೆಯೂ ಆಸೆಯೇ, ಬಿಟ್ಟುಬಿಡು. ಇದನ್ನು ಹಗುರವಾಗಿ ಕಾಣಬಾರದು. ನೆಲದ ಆಸೆ ಎಷ್ಟು ರಕ್ತ ಕುಡಿಯಬಲ್ಲದೆಂದು 1947 ತೋರಿಸಿದೆ. ಆದರೆ ಭಕ್ತಿಮಾರ್ಗ ಅಗಲಿಕೆಯನ್ನು ರೋಗವೆಂದು ಕಂಡಿಲ್ಲ, ಸಾಧನೆಯೆಂದೇ ಕಂಡಿದೆ. ಸಿಂಧ್‌ನ ಸೂಫಿ ಕವಿ ಶಾಹ್ ಅಬ್ದುಲ್ ಲತೀಫ್ ಹಾಡಿದ ಮಾರುಯಿ, ಉಮರ್ ದೊರೆಯ ಸೆರೆಯಲ್ಲಿ ಅರಮನೆಯ ಸುಖವನ್ನು ಒಲ್ಲದೆ ತನ್ನ ಬಡ ಊರಾದ ಮಲೀರಿಗಾಗಿ ಹಂಬಲಿಸುತ್ತಾಳೆ. ಆ ಹಂಬಲದಲ್ಲಿ ಓದುಗರು ಜೀವ ದೇವನಿಗಾಗಿ ಪಡುವ ತಹತಹವನ್ನು ಕಂಡಿದ್ದಾರೆ. ಕೌಶಿಕನ ಅರಮನೆ ತೊರೆದು ಚೆನ್ನಮಲ್ಲಿಕಾರ್ಜುನನನ್ನು ಅರಸಿದ ಅಕ್ಕಮಹಾದೇವಿಯ ನಾಡಿನವರಿಗೆ ಮಾರುಯಿ ಅಪರಿಚಿತಳಲ್ಲ. ನನ್ನ ಮಟ್ಟಿಗೆ ಮೋಹವನ್ನೂ ವಿರಹವನ್ನೂ ಬೇರ್ಪಡಿಸುವ ಗೆರೆ ಒಂದೇ: ಮೋಹ ಒಡೆತನ ಕೇಳುತ್ತದೆ, ವಿರಹ ಕೇಳುವುದಿಲ್ಲ. ಸಿಂಧಿಗಳ ಹೊಸವರ್ಷವಾದ ಚೇಟಿಚಂಡ್ ಹಬ್ಬದಂದು ನದಿದೇವರು ಝೂಲೇಲಾಲನ ಬಹರಾಣೋ, ಅಂದರೆ ದೀಪವಿರಿಸಿದ ಪೂಜಾತಟ್ಟೆ, ಹೊತ್ತವರು ಹತ್ತಿರದ ಹೊಳೆಗೋ ಕೆರೆಗೋ ಹೋಗಿ ದೀಪ ಬಿಡುತ್ತಾರೆ. ಸಿಂಧುವಿನ ದೇವರು ಯಾವ ನೀರಿನಲ್ಲೂ ಸಿಗುತ್ತಾನೆಂದು ನಂಬಿದವರು ಗಡಿ ತಿದ್ದಬೇಕೆಂದು ಹಟ ಹಿಡಿದವರಲ್ಲ. ಅತ್ತ ಸಿಂಧ್‌ನ ಉಡೇರೋ ಲಾಲ್‌ನಲ್ಲಿ ಹಿಂದೂಗಳು ಝೂಲೇಲಾಲನೆಂದು, ಮುಸ್ಲಿಮರು ಶೇಖ್ ತಾಹಿರ್ ಎಂದು ಒಂದೇ ಆವರಣದಲ್ಲಿ ಕೈಮುಗಿಯುತ್ತಾರೆ.

ವೈರಿದೇಶವನ್ನು ಪ್ರೀತಿಸುವುದು ನಿಷ್ಠೆಗೆ ಕುಂದಲ್ಲವೇ ಎನ್ನುವವರಿದ್ದಾರೆ. ರಾಷ್ಟ್ರಗೀತೆಯಿಂದ ಸಿಂಧ್ ಹೆಸರು ತೆಗೆಯಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ 2005ರಲ್ಲಿ ತಳ್ಳಿಹಾಕಿತು, ಅಷ್ಟು ಸಾಕು. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಮೂರನೆಯ ತಲೆಮಾರು ಹಂಬಲಿಸುವುದು ಅಜ್ಜಿ ಹೇಳಿದ ಸಿಂಧ್‌ಗಾಗಿ, ಇದ್ದ ಸಿಂಧ್‌ಗಾಗಿ ಅಲ್ಲ. ಇದರಲ್ಲಿ ನಿಜವಿದೆ. ಹಿಂದೂ ಲೇವಾದೇವಿಗಾರನಿಗೂ ಸಾಲದಲ್ಲಿ ಮುಳುಗಿದ ಮುಸ್ಲಿಂ ರೈತನಿಗೂ ನಡುವೆ ಇದ್ದ ಕಹಿ ಆ ಕಥೆಗಳಲ್ಲಿ ಉಳಿಯುವುದು ಕಡಿಮೆ. ಆ ಕಹಿಯನ್ನೂ ನೆನಪಿಗೆ ಸೇರಿಸಿಕೊಂಡರೆ ಹಂಬಲ ಸಾಯುತ್ತದೆಂದು ನನಗೆ ಅನ್ನಿಸುವುದಿಲ್ಲ. ದೇವರ ಕಾಠಿಣ್ಯವನ್ನು ಬಲ್ಲ ಭಕ್ತರೇ ಅವನಿಗಾಗಿ ಹೆಚ್ಚು ಅತ್ತಿದ್ದಾರೆ. ಕಣ್ಣಾರೆ ಕಾಣದ್ದನ್ನು ಹಂಬಲಿಸುವುದೇ ಸುಳ್ಳೆನ್ನುವುದಾದರೆ, ಕಲಶಪೂಜೆಯ ಮಂತ್ರದಲ್ಲಿ ಕಾವೇರಿಯ ಜೊತೆಗೆ ಸಿಂಧುವನ್ನೂ ತಂಬಿಗೆಯ ನೀರಿಗೆ ಕರೆಯುವ ಕನ್ನಡ ಮನೆಗಳೂ ಅದೇ ಪ್ರಶ್ನೆಗೆ ಉತ್ತರ ಹೇಳಬೇಕಾಗುತ್ತದೆ.