ಢೋಲಕಪುರದಲ್ಲಿ ಯಾರಿಗೂ ವಯಸ್ಸಾಗುವುದಿಲ್ಲ

2008ರಲ್ಲಿ ಟಿವಿಗೆ ಬಂದಾಗ ಛೋಟಾ ಭೀಮ್ 9 ವರ್ಷದ ಹುಡುಗ, ಈಗಲೂ ಅಷ್ಟೇ. ರಾಜ ಇಂದ್ರವರ್ಮ ಆಳುವ ಢೋಲಕಪುರದಲ್ಲಿ ಹುಡುಗರು ಕ್ರಿಕೆಟ್ ಆಡುತ್ತಾರೆ. ನಿನ್ನೆ ಸೋತು ನೆಲ ಕಚ್ಚಿದ ಕಾಲಿಯಾ ಇಂದು ಏನೂ ಆಗದವನಂತೆ ಮತ್ತೆ ತೊಡೆ ತಟ್ಟುತ್ತಾನೆ. ಇಂಥ ತಪ್ಪುಗಳನ್ನೆಲ್ಲ ಬೈಲಹೊಂಗಲದಲ್ಲಿರುವ ನನ್ನ ಅಕ್ಕನ ಮಗ ಲೆಕ್ಕ ಇಟ್ಟುಕೊಂಡಿದ್ದಾನೆ. "ಮಾಮಾ, ಹಂಗಾರ ಇವರು ಸುಳ್ಳ ಹೇಳ್ತಾರೇನ?" ಎಂಬ ಅವನ ಪ್ರಶ್ನೆಯನ್ನು "ಕಾರ್ಟೂನ್ ಐತಿ, ಬಿಡೋ" ಎಂದು ತಳ್ಳಿಹಾಕುವುದು ಸುಲಭ. ಆದರೆ ಪ್ರಶ್ನೆ ಸಣ್ಣದಲ್ಲ.

ಸವದತ್ತಿ ಗುಡ್ಡದ ಎಲ್ಲಮ್ಮನಿಗೆ ಪ್ರತಿವರ್ಷ ಹೊಸ್ತಿಲ ಹುಣ್ಣಿಮೆಗೆ ವೈಧವ್ಯ. ಭಕ್ತೆಯರು ಬಳೆ ಒಡೆದುಕೊಳ್ಳುತ್ತಾರೆ. ಭಾರತ ಹುಣ್ಣಿಮೆಗೆ ಆಕೆ ಮತ್ತೆ ಮುತ್ತೈದೆ. ಹೋದ ವರ್ಷ ಸತ್ತ ಜಮದಗ್ನಿ ಈ ವರ್ಷ ಮತ್ತೆ ಹೇಗೆ ಸತ್ತ ಎಂದು ಎತ್ತಿನಗಾಡಿ ಕಟ್ಟಿಕೊಂಡು ಹೋದವರು ಯಾರೂ ಕೇಳುವುದಿಲ್ಲ. ಅದು ಸುತ್ತಿ ಬರುವ ಕಾಲ. ಭೀಮನದೂ ಅದೇ ಜಾತಿಯದು (ಭಕ್ತಿ ಇಲ್ಲ, ಜಾಹೀರಾತು ಇದೆ, ಅಷ್ಟೇ ವ್ಯತ್ಯಾಸ). ಅದನ್ನು ಸುಳ್ಳು ಎನ್ನಲಾರೆ.

ಅದೇ ಬೈಲಹೊಂಗಲದಲ್ಲಿ ಕಿತ್ತೂರು ಚೆನ್ನಮ್ಮನ ಸಮಾಧಿ ಇದೆ. ಅಲ್ಲಿನ ಕೋಟೆಯ ಸೆರೆಯಲ್ಲಿ ಆಕೆ ತೀರಿಕೊಂಡದ್ದು 1829ರ ಫೆಬ್ರವರಿ 2ರಂದು ಎನ್ನುತ್ತವೆ ಕೆಲವು ಬರಹಗಳು; 21 ಎನ್ನುತ್ತವೆ ಇನ್ನು ಕೆಲವು. ಇಲ್ಲಿ ಮಾತ್ರ "ಬಿಡೋ" ಎನ್ನಲು ನನಗೆ ನಾಲಿಗೆ ಏಳುವುದಿಲ್ಲ. ಭೀಮ ಸಾಯುವವನಲ್ಲ, ಜಮದಗ್ನಿ ಎದ್ದು ಬರುತ್ತಾನೆ. ಚೆನ್ನಮ್ಮ ಸತ್ತದ್ದು ಒಂದೇ ಸಲ, ಯಾವುದೋ ಒಂದು ದಿನ, ಬೇರೆಯವರ ಕಾವಲಿನಲ್ಲಿ. ಆಕೆ ಗೆದ್ದ 1824ರ ಅಕ್ಟೋಬರ್ 23 ಉತ್ಸವದ ದೆಸೆಯಿಂದ ನಮ್ಮ ಕಡೆ ಎಲ್ಲರಿಗೂ ಬಾಯಿಪಾಠ. ಸತ್ತ ದಿನಕ್ಕೆ ಎರಡು ತಾರೀಖು.