ಗೆದ್ದವನಿಗೊಂದು ತಕ್ಕಡಿ, ಸೋತವನಿಗೊಂದು ತಕ್ಕಡಿ



ದಿನದ ಕೆಲಸ ಮುಗಿಸಿ, ಇಫ್ತಾರ್ ಮಾಡಿ ರೂಮಿನಲ್ಲಿ ಕುಳಿತಾಗ ಮೊಬೈಲಿಗೆ ಬರುವ ಸುದ್ದಿಗಳ ಬಗ್ಗೆ ತೀರ್ಪು ಕೊಡುವುದು ನಮಗೆಲ್ಲ ಅಭ್ಯಾಸವಾಗಿದೆ. ಊರಿನ ಬಡ ಹುಡುಗನೊಬ್ಬ ಗಾಂಜಾ ಸೇದಿ ಸಿಕ್ಕಿಬಿದ್ದ ಎಂದು ಕೇಳಿದರೆ, "ಅವನ ಕಥೆ ಮುಗಿಯಿತು" ಎನ್ನುತ್ತೇವೆ. ದೊಡ್ಡ ಕ್ರೀಡಾಪಟುವೋ ಉದ್ಯಮಿಯೋ ಸೇದಿದ ಸುದ್ದಿ ಬಂದರೆ, "ಸೇದಿದರೇನಾಯಿತು, ಗೆದ್ದು ತೋರಿಸಿದನಲ್ಲ" ಎನ್ನುತ್ತೇವೆ. ಕೆಲಸ ಒಂದೇ, ತೀರ್ಪು ಎರಡು. ಇದು ನ್ಯಾಯವೇ?

ಗಾಂಜಾ ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿಲ್ಲ. ಬುದ್ಧಿಗೆ ಮಂಕು ಕವಿಸುವುದೆಲ್ಲ ನಮಗೆ ನಿಷಿದ್ಧ. ನಾವಿರುವ ಗಲ್ಫ್ ದೇಶಗಳ ಕಾನೂನಿನಲ್ಲೂ, ನಮ್ಮ ಊರಿನ ಕಾನೂನಿನಲ್ಲೂ ಅದು ಅಪರಾಧ. ಆದರೆ ಕೃತ್ಯದ ಬಗ್ಗೆ ಹೇಳುವ ಮಾತು ಬೇರೆ, ಅದನ್ನು ಮಾಡಿದ ಮನುಷ್ಯನ ಬಗ್ಗೆ ಹೇಳುವ ಮಾತು ಬೇರೆ. ಎರಡನೆಯದರಲ್ಲಿ ನಾವು ಎಡವುತ್ತೇವೆ.

ಅಮೆರಿಕದ ಈಜುಗಾರ ಮೈಕಲ್ ಫೆಲ್ಪ್ಸ್ ಅವರ ಉದಾಹರಣೆ ತೆಗೆದುಕೊಳ್ಳಿ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅವರು ಗೆದ್ದದ್ದು 8 ಚಿನ್ನ. ಕೆಲವೇ ತಿಂಗಳಲ್ಲಿ, 2009ರ ಫೆಬ್ರವರಿಯಲ್ಲಿ, ಗಾಂಜಾ ಸೇದುವ ಕೊಳವೆಗೆ ಬಾಯಿಟ್ಟ ಅವರ ಫೋಟೋ ಪತ್ರಿಕೆಯಲ್ಲಿ ಬಂತು. ಅವರು ಕ್ಷಮೆ ಕೇಳಿದರು. ಈಜು ಸಂಸ್ಥೆ 3 ತಿಂಗಳು ಅಮಾನತು ಮಾಡಿತು, ಒಂದು ದೊಡ್ಡ ಕಂಪೆನಿ ಜಾಹೀರಾತು ಒಪ್ಪಂದವನ್ನು ಮುಂದುವರಿಸಲಿಲ್ಲ. ಪೊಲೀಸರು ಸಾಕಷ್ಟು ಸಾಕ್ಷ್ಯವಿಲ್ಲವೆಂದು ಮೊಕದ್ದಮೆ ಹೂಡಲಿಲ್ಲ. ಮುಂದೆ ಲಂಡನ್‌ನಲ್ಲಿ, ರಿಯೋದಲ್ಲಿ ಮತ್ತೆ ಗೆದ್ದು, ಒಟ್ಟು 28 ಒಲಿಂಪಿಕ್ ಪದಕಗಳೊಂದಿಗೆ ನಿವೃತ್ತರಾದರು. ಅದರಲ್ಲಿ 23 ಚಿನ್ನ.

ಇದನ್ನು ಕೇಳಿದ ಯುವಕನೊಬ್ಬ ನಿಮ್ಮೊಡನೆ, "ನೋಡಿ ಕಾಕ, ಅವರಿಗೇನೂ ಆಗಲಿಲ್ಲವಲ್ಲ" ಎಂದು ವಾದಿಸಬಹುದು. ಅವನಿಗೆ ಎರಡು ವಿಷಯ ಹೇಳಿ. ಒಂದು, ಆ ಪದಕಗಳು ಬಂದದ್ದು ಬೆಳಗಿನ ಜಾವ ಎದ್ದು, ಭಾನುವಾರವನ್ನೂ ಬಿಡದೆ ವರ್ಷಗಟ್ಟಲೆ ಈಜಿದ್ದರಿಂದ. ಸೇದಿಯೂ ಗೆದ್ದವರ ಫೋಟೋ ನಮ್ಮ ಮೊಬೈಲಿಗೆ ಬರುತ್ತದೆ. ಸೇದಿ ಶಾಲೆ ಬಿಟ್ಟವರ, ಕೆಲಸ ಕಳೆದುಕೊಂಡವರ ಫೋಟೋ ಯಾರೂ ಕಳುಹಿಸುವುದಿಲ್ಲ. ಎರಡು, ಅವರಿಗೆ ಏನೂ ಆಗಲಿಲ್ಲ ಎಂಬುದೂ ಪೂರ್ತಿ ನಿಜವಲ್ಲ. 2014ರಲ್ಲಿ ಮದ್ಯ ಸೇವಿಸಿ ಕಾರು ಓಡಿಸಿ ಫೆಲ್ಪ್ಸ್ ಬಂಧನಕ್ಕೊಳಗಾದರು, ಚಿಕಿತ್ಸಾ ಕೇಂದ್ರ ಸೇರಿದರು. ಬದುಕೇ ಬೇಡವೆನಿಸಿದ ದಿನಗಳಿದ್ದವು ಎಂದು ಮುಂದೆ ಅವರೇ ಬಹಿರಂಗವಾಗಿ ಹೇಳಿಕೊಂಡರು. ಅದಕ್ಕೆಲ್ಲ ಗಾಂಜಾವೇ ಕಾರಣ ಎಂದು ನಾವು ಹೇಳಲಾಗದು. ಕೊರಳಲ್ಲಿ ತೂಗುವ ಪದಕ ಎದೆಯೊಳಗಿನ ಸ್ಥಿತಿಯನ್ನು ತೋರಿಸುವುದಿಲ್ಲ ಎಂದಷ್ಟು ಹೇಳಬಹುದು.

ಇನ್ನೊಂದು ತುದಿಯ ತಪ್ಪನ್ನೂ ನೋಡೋಣ. ಓಟಗಾರ್ತಿ ಶಕ್ಯಾರಿ ರಿಚರ್ಡ್‌ಸನ್ 2021ರಲ್ಲಿ ಅಮೆರಿಕದ ಒಲಿಂಪಿಕ್ ಆಯ್ಕೆ ಸ್ಪರ್ಧೆಯ 100 ಮೀಟರ್ ಗೆದ್ದರು. ಪರೀಕ್ಷೆಯಲ್ಲಿ ಗಾಂಜಾ ಅಂಶ ಸಿಕ್ಕಿತು. ಸ್ಪರ್ಧೆ ನಡೆದ ಒರೆಗಾನ್ ರಾಜ್ಯದಲ್ಲಿ ಗಾಂಜಾ ಕಾನೂನುಬಾಹಿರವಲ್ಲ, ಆದರೆ ಕ್ರೀಡಾ ನಿಯಮ ಬೇರೆ. ಹೆತ್ತ ತಾಯಿ ತೀರಿಕೊಂಡ ಸುದ್ದಿ ಕೇಳಿದ ದುಃಖದಲ್ಲಿ ಸೇದಿದ್ದಾಗಿ ಅವರು ಒಪ್ಪಿಕೊಂಡರು. ಒಂದು ತಿಂಗಳ ನಿಷೇಧ, ಗೆಲುವು ರದ್ದು, ಟೋಕಿಯೋ ಒಲಿಂಪಿಕ್ಸ್ ಕೈತಪ್ಪಿತು. ನಿಯಮ ನಿಯಮವೇ. ಆದರೆ ಅಂದೇ ಅವರ ಬದುಕಿಗೆ ಮುಕ್ತಾಯ ಹಾಡಿದವರ ಮಾತು ನಿಲ್ಲಲಿಲ್ಲ. 2023ರಲ್ಲಿ ಅವರು ಅದೇ 100 ಮೀಟರ್‌ನಲ್ಲಿ ವಿಶ್ವ ಚಾಂಪಿಯನ್ ಆದರು.

ಜನರ ತೀರ್ಪು ಕಾಲಕ್ಕೆ ತಕ್ಕಂತೆ ಬಣ್ಣ ಬದಲಿಸುವುದೂ ಉಂಟು. 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೆಸರಿಸಲಾಗಿದ್ದ ಡಗ್ಲಸ್ ಗಿನ್ಸ್‌ಬರ್ಗ್, ಹಿಂದೆ ಗಾಂಜಾ ಸೇದಿದ್ದು ಹೊರಬಿದ್ದ ಕಾರಣ ಹಿಂದೆ ಸರಿಯಬೇಕಾಯಿತು. 2008ರಲ್ಲಿ ಅದೇ ದೇಶ, ಹರೆಯದಲ್ಲಿ ಸೇದಿದ್ದನ್ನು ತನ್ನ ಆತ್ಮಕಥೆಯಲ್ಲೇ ಬರೆದಿದ್ದ ಬರಾಕ್ ಒಬಾಮಾರನ್ನು ಅಧ್ಯಕ್ಷರನ್ನಾಗಿ ಆರಿಸಿತು. ಆದರೆ ಬೀದಿಯಲ್ಲಿ ಸಿಕ್ಕಿಬೀಳುವವರ ಪಾಡು ಅಷ್ಟು ಬೇಗ ಬದಲಾಗಲಿಲ್ಲ. ಕಪ್ಪು ಜನರೂ ಬಿಳಿಯರೂ ಗಾಂಜಾ ಬಳಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿದ್ದರೂ, ಬಂಧನಕ್ಕೊಳಗಾಗುವ ಸಾಧ್ಯತೆ ಕಪ್ಪು ಜನರಿಗೆ 3.73 ಪಟ್ಟು ಹೆಚ್ಚು ಎಂದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ 2013ರಲ್ಲಿ ವರದಿ ಮಾಡಿತು.

ಪ್ರವಾದಿ(ಸ)ರ ಕಾಲದ ಮಖ್ಝೂಮ್ ಗೋತ್ರದ ಮಹಿಳೆಯ ಘಟನೆ ನಿಮಗೆ ಗೊತ್ತಿರಬಹುದು. ದೊಡ್ಡ ಮನೆತನದವಳು ಕದ್ದಾಗ, ಶಿಕ್ಷೆ ತಪ್ಪಿಸಲು ಜನ ಉಸಾಮಾ(ರ)ರ ಮೂಲಕ ಶಿಫಾರಸು ಮಾಡಿಸಿದರು. ಪ್ರವಾದಿ(ಸ) ಕೋಪಗೊಂಡರು. ಪ್ರತಿಷ್ಠಿತರನ್ನು ಬಿಟ್ಟು ದುರ್ಬಲರನ್ನು ಶಿಕ್ಷಿಸಿದ್ದರಿಂದಲೇ ಹಿಂದಿನ ಸಮುದಾಯಗಳು ನಾಶವಾದವು ಎಂದು ಎಚ್ಚರಿಸಿದರು. ಸ್ವಂತ ಮಗಳಿಗೂ ಬೇರೆ ಕಾನೂನಿಲ್ಲ ಎಂದು ಸ್ಪಷ್ಟಪಡಿಸಿದರು. ಹೆಸರು ನೋಡಿ ತೂಕ ಮಾಡುವ ತಕ್ಕಡಿ ಎಷ್ಟು ಅಪಾಯಕಾರಿ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ.

ಹಾಗಾದರೆ ಅಮಲಿನ ವಿಷಯ ಮನುಷ್ಯನ ಬಗೆಗಿನ ನಮ್ಮ ಅಭಿಪ್ರಾಯವನ್ನು ಮುಟ್ಟಲೇಬಾರದೇ? ಒಂದು ಕಡೆ ಖಂಡಿತ ಮುಟ್ಟಬೇಕು: ಇತರರ ಜೀವ ಅವನ ಕೈಯಲ್ಲಿದ್ದಾಗ. 2018ರ ಸೆಪ್ಟೆಂಬರಿನಲ್ಲಿ ಎಲಾನ್ ಮಸ್ಕ್ ಕ್ಯಾಮೆರಾದ ಮುಂದೆಯೇ ಗಾಂಜಾ ಸೇದಿದರು. ಅದು ನಡೆದ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿನ ಅಡ್ಡಿ ಇರಲಿಲ್ಲ. ಆದರೂ ಅದೇ ವರ್ಷ ನಾಸಾ, ಗಗನಯಾತ್ರಿಗಳನ್ನು ಕೊಂಡೊಯ್ಯಬೇಕಿದ್ದ ಅವರ ಕಂಪೆನಿಯಲ್ಲೂ ಬೋಯಿಂಗ್‌ನಲ್ಲೂ ಸುರಕ್ಷತೆಯ ವಿಶೇಷ ಪರಿಶೀಲನೆಗೆ ಆದೇಶಿಸಿತು. ಸೈಟಿನಲ್ಲಿ ಕೆಲಸ ಮಾಡುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ. ತಲೆಯ ಮೇಲೆ ಕ್ರೇನ್ ತಿರುಗುತ್ತಿರುವಾಗ, ಅದನ್ನು ನಡೆಸುವವನು ಎಷ್ಟು ಒಳ್ಳೆಯ ಮನುಷ್ಯ ಎಂಬುದಕ್ಕಿಂತ ಅವನ ತಲೆ ಸರಿಯಾಗಿದೆಯೇ ಎಂಬುದೇ ಮುಖ್ಯ. ಅವನು ಅಮಲಿನಲ್ಲಿದ್ದರೆ ಸೂಪರ್‌ವೈಸರ್‌ಗೆ ತಿಳಿಸುವುದು ಚಾಡಿಯಲ್ಲ, ಕರ್ತವ್ಯ. ಬಸ್ಸು ಓಡಿಸುವವನಿಗೂ, ಆಪರೇಷನ್ ಮಾಡುವ ಡಾಕ್ಟರಿಗೂ ಇದೇ ಮಾತು.

ಅದರಾಚೆಗೆ ನಾಲಗೆಯನ್ನು ಹಿಡಿದಿಡಬೇಕು. ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯೊಬ್ಬನನ್ನು ಸಭೆಯಲ್ಲಿದ್ದ ಯಾರೋ ಶಪಿಸಿದಾಗ ಪ್ರವಾದಿ(ಸ) ತಡೆದರು. ಅವನಿಗೆ ಅಲ್ಲಾಹ ಮತ್ತು ಸಂದೇಶವಾಹಕರ ಮೇಲೆ ಪ್ರೀತಿಯಿದೆ ಎಂದು ನೆನಪಿಸಿದರು. ಶಿಕ್ಷೆಯನ್ನೂ ಬಿಡಲಿಲ್ಲ, ಮನುಷ್ಯನನ್ನೂ ಬಿಡಲಿಲ್ಲ.

ಈಗ ನಮ್ಮ ಊರಿನ ಮಾತು. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ವೈದ್ಯರೂ ವೈದ್ಯಕೀಯ ವಿದ್ಯಾರ್ಥಿಗಳೂ ಗಾಂಜಾ ಪ್ರಕರಣದಲ್ಲಿ ಬಂಧನಕ್ಕೊಳಗಾದರು. ಬಡವರ ಮಕ್ಕಳು ಮಾತ್ರ ದಾರಿ ತಪ್ಪುತ್ತಾರೆ ಎಂಬ ನಂಬಿಕೆಗೆ ಆ ಸುದ್ದಿ ಪೆಟ್ಟು ಕೊಟ್ಟಿತು. ಇಂತಹ ಫೋನ್ ಕರೆ ನಾಳೆ ನಮ್ಮ ಮನೆಯಿಂದಲೂ ಬರಬಹುದು. ಸಾವಿರಾರು ಮೈಲಿ ದೂರದಲ್ಲಿ ಕುಳಿತ ತಂದೆಗೆ ಮೊದಲು ಬರುವುದು ಸಿಟ್ಟು: "ಅವನು ನನ್ನ ಮಗನೇ ಅಲ್ಲ." ಆ ಮಾತು ಆಡುವ ಮುನ್ನ ಫೆಲ್ಪ್ಸ್ ಅವರಿಗೆ ಯಶಸ್ಸು ನಿಜವಾಗಿ ಏನು ಕೊಟ್ಟಿತು ಎಂದು ಯೋಚಿಸಿ. ತಪ್ಪನ್ನು ಅದು ಸರಿ ಮಾಡಲಿಲ್ಲ. ಎದ್ದು ನಿಲ್ಲಲು ಮತ್ತೊಂದು ಅವಕಾಶ ಕೊಟ್ಟಿತು. ಚಿಕಿತ್ಸೆ ಸಿಕ್ಕಿತು, ಬೆನ್ನ ಹಿಂದೆ ಕೋಚ್ ನಿಂತರು, ಜನ ಕಾದರು. ನಮ್ಮ ಹುಡುಗನಿಗೂ ಬೇಕಾಗಿರುವುದು ಅದೇ.

ಕಾನೂನು ಕೂಡ ಈ ಬಾಗಿಲನ್ನು ತೆರೆದಿಟ್ಟಿದೆ. 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮಿನ ಪ್ರಕಾರ, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿ ತಾನಾಗಿ ಮುಂದೆ ಬಂದು ಸರಕಾರಿ ಅಥವಾ ಸರಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆಯಿದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ತಪ್ಪಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಭಾರತದಲ್ಲಿರುವ ನಿಮ್ಮ ಮನೆಯವರು 14446 ಸಂಖ್ಯೆಗೆ ಉಚಿತವಾಗಿ ಕರೆ ಮಾಡಿ ಸಲಹೆ ಕೇಳಬಹುದು.

ಸಹೋದರರೇ, ಪದಕ ನೋಡಿ ತಪ್ಪನ್ನು ಮರೆಯಬೇಡಿ, ತಪ್ಪು ನೋಡಿ ಮನುಷ್ಯನನ್ನು ಮರೆಯಬೇಡಿ. ಮುಂದಿನ ಸಲ ಯಾರದೋ ಮಗನ ಫೋಟೋ ಗ್ರೂಪಿನಲ್ಲಿ ಬಂದರೆ ಅದನ್ನು ಮುಂದಕ್ಕೆ ಕಳುಹಿಸದೆ ಅಳಿಸಿಬಿಡಿ. ಅವನ ತಂದೆ ಪರಿಚಯದವರಾಗಿದ್ದರೆ, ತರಾವೀಹ್ ಮುಗಿದ ಮೇಲೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ.